ಮೈಸೂರಿನಿಂದ ಚೆನ್ನೈಗೆ ಬಾಡಿಗೆ ವಿಮಾನದಲ್ಲಿ ಭಾವನನ್ನು ಕರೆದೊಯ್ದದ್ದು

ಭಾವನನ್ನು ಚೆನ್ನೈ ಆಸ್ಪತ್ರೆಗೆ ಸೇರಿಸಿ ಈಗಷ್ಟೇ ಮೈಸೂರಿಗೆ ಮರಳಿದ್ದೇನೆ. ಎಲ್ಲ ನೆನಪಿರುವಾಗಲೇ ಬರೆದಿಡೋಣ ಅನ್ನಿಸಿತು. ಮೈಸೂರು, ಮಂಡ್ಯ ಕಡೆ ಯಾರ ಮನೆಯಲ್ಲಾದರೂ ಐಸಿಯುನಲ್ಲಿರುವವರನ್ನು ವಿಮಾನದಲ್ಲಿ ಸಾಗಿಸಬೇಕಾದ ಪರಿಸ್ಥಿತಿ ಬಂದರೆ, ನಾವು ಕತ್ತಲಲ್ಲಿ ತಡಕಾಡಿದ ಹಾಗೆ ಅವರು ತಡಕಾಡಬಾರದು. ಮೊದಲೇ ಹೇಳಿಬಿಡುತ್ತೇನೆ: ದುಡ್ಡು ಹೊಂದಿಸಿದರೆ ವಿಮಾನ ಸಿಗುತ್ತದೆ. ಆ ವಿಮಾನ ನಿಜಕ್ಕೂ ಯಾರದು, ಹೇಳಿದ ರೇಟಿನಲ್ಲಿ ಏನೇನು ಸೇರಿದೆ ಎಂದು ತಿಳಿದುಕೊಳ್ಳುವುದೇ ಕಷ್ಟದ ಕೆಲಸ.

ಭಾವನದು ಪಾಂಡವಪುರದ ಹತ್ತಿರ ಸಣ್ಣ ಜಮೀನು, ಒಂದು ಆಲೆಮನೆ. ಕೆಲವು ವರ್ಷಗಳಿಂದ ಶ್ವಾಸಕೋಶ ಗಟ್ಟಿಯಾಗುತ್ತಾ ಹೋಗುವ ಕಾಯಿಲೆ ಇದೆ, ಫೈಬ್ರೋಸಿಸ್ ಅಂತಾರೆ. ಮನೆಯಲ್ಲೂ ಆಕ್ಸಿಜನ್ ಇಟ್ಟುಕೊಂಡೇ ಓಡಾಡುತ್ತಿದ್ದರು. ಚೆನ್ನೈನಲ್ಲಿ ತೋರಿಸುತ್ತಿದ್ದೆವು, ಶ್ವಾಸಕೋಶ ಕಸಿಗೆ ಅಲ್ಲೇ ಹೆಸರು ನೋಂದಾಯಿಸಿದ್ದೆವು. ತಮಿಳುನಾಡಿನಲ್ಲಿ ಅಂಗಗಳನ್ನು ಸರದಿ ಪ್ರಕಾರ ಹಂಚುವುದಕ್ಕೆ ಟ್ರಾನ್ಸ್‌ಟಾನ್ ಎಂಬ ಸರ್ಕಾರಿ ಸಂಸ್ಥೆ ಇದೆ. ಹೆಸರು ಅಲ್ಲಿದ್ದ ಮೇಲೆ ರೋಗಿಯೂ ಆ ಊರಿಗೆ ಹೋಗಲೇಬೇಕು. ಅಷ್ಟರಲ್ಲಿ ಸೋಂಕು ತಗುಲಿ ಮೈಸೂರಿನ ಆಸ್ಪತ್ರೆಯೊಂದರ ಐಸಿಯು ಸೇರಿದರು. "ಇನ್ನು ತಡ ಮಾಡಬೇಡಿ, ಇಲ್ಲಿಗೆ ಕರೆತನ್ನಿ" ಎಂದು ಚೆನ್ನೈ ಡಾಕ್ಟರ್ ಹೇಳಿಕಳಿಸಿದರು.

ಮೊದಲು ಯೋಚಿಸಿದ್ದು ರಸ್ತೆಯ ದಾರಿಯನ್ನೇ. ಬೆಂಗಳೂರಿನವರೆಗೆ ಎಕ್ಸ್‌ಪ್ರೆಸ್‌ವೇ ಇದೆ, ಅದರಾಚೆಗೂ ಒಳ್ಳೆಯ ಹೆದ್ದಾರಿ. ಆದರೂ 480 ಕಿಲೋಮೀಟರ್ ಆಸುಪಾಸು, ಆಂಬುಲೆನ್ಸ್‌ನಲ್ಲಿ ಒಂಬತ್ತು ಹತ್ತು ಗಂಟೆ. ಭಾವನಿಗೆ ಮೂಗಿನ ಮೂಲಕ ಹೈಫ್ಲೋ ಆಕ್ಸಿಜನ್ ಕೊಡುತ್ತಿದ್ದರು. ಐಸಿಯು ಡಾಕ್ಟರ್ ಒಂದು ಹಾಳೆಯಲ್ಲಿ ಲೆಕ್ಕ ಬರೆದು ತೋರಿಸಿದರು. ಬಿ ಟೈಪ್ ಸಿಲಿಂಡರ್‌ನಲ್ಲಿ ಸುಮಾರು 1,500 ಲೀಟರ್ ಇರುತ್ತದೆ, ದೊಡ್ಡ ಡಿ ಟೈಪ್‌ನಲ್ಲಿ ಸುಮಾರು 7,000 ಲೀಟರ್. ನಿಮಿಷಕ್ಕೆ 40 ಲೀಟರ್ ಶುದ್ಧ ಆಕ್ಸಿಜನ್ ಹರಿದರೆ ಚಿಕ್ಕದು 40 ನಿಮಿಷವೂ ಬರುವುದಿಲ್ಲ, ದೊಡ್ಡದು ಮೂರು ಗಂಟೆ ದಾಟುವುದಿಲ್ಲ. ದಾರಿಯಲ್ಲಿ ಟ್ರಾಫಿಕ್ ಸಿಕ್ಕಿಕೊಂಡರೆ? ಆ ಹಾಳೆ ನೋಡಿದ ಮೇಲೆ ಅಕ್ಕ ರಸ್ತೆಯ ಮಾತು ಎತ್ತಲಿಲ್ಲ.

ಭಾವನಿಗೆ ಮಾತ್ರ ದುಡ್ಡಿನದೇ ಚಿಂತೆ. ಉಸಿರು ಎಳೆದುಕೊಂಡು ಎಳೆದುಕೊಂಡು, "ಒಂದು ವರ್ಷದ ಕಬ್ಬು ಹೊಂಟೋಯ್ತದೆ ಕಣ್ಲಾ. ಬುಡು, ಕಾರಲ್ಲೇ ಹೋಗಾನ" ಅಂದರು. ನನಗೆ ಗಂಟಲು ಕಟ್ಟಿತು. "ಕಬ್ಬು ಮುಂದಿನ ವರ್ಷಾನೂ ಬರ್ತದೆ ಭಾವ" ಎಂದಷ್ಟೇ ಹೇಳಿ ಹೊರಗೆ ಬಂದೆ.

ನಾನು ಮೊದಲು ಫೋನ್ ಮಾಡಿದ್ದು ಎಟಿಆರ್ ವಿಮಾನ ಓಡಿಸುವ ಒಂದು ಪ್ರಾದೇಶಿಕ ಏರ್‌ಲೈನ್‌ಗೆ. ಮೈಸೂರಿನಿಂದ ಚೆನ್ನೈಗೆ 2017ರಲ್ಲಿ ಸಣ್ಣ ಊರುಗಳಿಗೆ ವಿಮಾನ ಓಡಿಸುವ ಕೇಂದ್ರ ಸರ್ಕಾರದ ಉಡಾನ್ ಯೋಜನೆಯಡಿ ಅಂಥದೇ ವಿಮಾನ ಶುರುವಾದದ್ದು ನೆನಪಿತ್ತು. ಅವರ ಚಾರ್ಟರ್ ವಿಭಾಗದ ಹೆಣ್ಣುಮಗಳು ತಾಳ್ಮೆಯಿಂದ ಎಲ್ಲ ಬಿಡಿಸಿ ಹೇಳಿದರು. ಅವರ ಎಟಿಆರ್ 72ರಲ್ಲಿ ಎಪ್ಪತ್ತರಷ್ಟು ಸೀಟು. ಮದುವೆ ಗುಂಪು, ಕಂಪನಿಯವರು, ಆಟಗಾರರ ತಂಡ ಇಡೀ ವಿಮಾನವನ್ನೇ ಒಂದು ಟ್ರಿಪ್‌ಗೆ ಹಿಡಿಯುತ್ತಾರೆ, ಅದು ಚಾರ್ಟರ್. ಬೇರೆ ಏರ್‌ಲೈನ್‌ಗಳು ತಿಂಗಳುಗಟ್ಟಲೆ ತೆಗೆದುಕೊಳ್ಳುವುದು ಲೀಸ್. ವಿಮಾನದ ಜೊತೆ ಪೈಲಟ್, ಸಿಬ್ಬಂದಿ, ರಿಪೇರಿ, ವಿಮೆ ಎಲ್ಲ ಕೊಡುವವರದೇ ಆದರೆ ವೆಟ್ ಲೀಸ್. ಬರೀ ವಿಮಾನ ಕೊಟ್ಟರೆ ಡ್ರೈ ಲೀಸ್, ಹಾರಿಸುವ ಪರವಾನಗಿ ಪಡೆದವರೇ ತೆಗೆದುಕೊಳ್ಳಬೇಕು. "ಇವು ಯಾವುದೂ ನಿಮ್ಮ ಕೆಲಸಕ್ಕಲ್ಲ ಸರ್. ನಿಮಗೆ ಬೇಕಿರುವುದು ಸ್ಟ್ರೆಚರ್ ಕೂರಿಸಿದ ಚಿಕ್ಕ ವಿಮಾನ. ನಾನ್ ಷೆಡ್ಯೂಲ್ಡ್ ಆಪರೇಟರ್‌ಗಳನ್ನು, ಅಂದರೆ ವೇಳಾಪಟ್ಟಿ ಇಲ್ಲದೆ ಕರೆದಾಗ ಬಾಡಿಗೆಗೆ ಹಾರಿಸುವವರನ್ನು ಕೇಳಿ" ಅಂದರು. ತಮ್ಮಲ್ಲಿ ವ್ಯಾಪಾರ ಆಗುವುದಿಲ್ಲ ಎಂದು ಗೊತ್ತಿದ್ದೂ ಅಷ್ಟು ಹೊತ್ತು ಮಾತಾಡಿದ ಅವರಿಗೆ ನಾನು ಋಣಿ. ಮುಂದೆ ಯಾರು ಏನು ಹೇಳಿದರೂ ಅರ್ಥವಾಗಿದ್ದು ಆ ಒಂದು ಫೋನ್‌ನಿಂದ.

ಮಾಮೂಲಿ ವಿಮಾನದಲ್ಲಿ ಕೆಲವು ಸೀಟು ತೆಗೆದು ಸ್ಟ್ರೆಚರ್ ಹಾಕಿಕೊಡುವ ದೊಡ್ಡ ಏರ್‌ಲೈನ್‌ಗಳೂ ಇವೆ. ಅದಕ್ಕೆ ಮುಂಚಿತವಾಗಿ ಅರ್ಜಿ, ಅವರ ಡಾಕ್ಟರ ಒಪ್ಪಿಗೆ ಬೇಕು. ಮೂಳೆ ಮುರಿದು ಮಲಗಿರುವ, ಆದರೆ ಸ್ಥಿರವಾಗಿರುವ ರೋಗಿಗೆ ಅದು ಸರಿ. ಐಸಿಯು ರೋಗಿಗೆ ಬೇಡವೇ ಬೇಡ ಎಂದು ನಮ್ಮ ಡಾಕ್ಟರ್ ಹೇಳಿದರು.

ಏರ್ ಆಂಬುಲೆನ್ಸ್ ಅಂತ ಮೊಬೈಲ್‌ನಲ್ಲಿ ಹುಡುಕಿ ಒಂದೆರಡು ಕಡೆ ನಂಬರ್ ಕೊಟ್ಟೆ ನೋಡಿ, ಆಮೇಲೆ ಫೋನ್ ಕೆಳಗಿಡಲು ಬಿಡಲಿಲ್ಲ. ಎಲ್ಲರೂ "ನಮ್ಮದೇ ವಿಮಾನ" ಅನ್ನುವವರೇ. ಹೆಚ್ಚಿನವರು ಏಜೆಂಟ್‌ಗಳು. ಏಜೆಂಟ್ ಆಗಿರುವುದು ತಪ್ಪಲ್ಲ, ಒಳ್ಳೆಯವರೂ ಇದ್ದಾರೆ. ಆದರೆ ಒಬ್ಬ ಎಲ್ಲರಿಗಿಂತ ಕಡಿಮೆ, 4 ಲಕ್ಷದೊಳಗೆ ಹೇಳಿದ. ಅರ್ಧ ಗಂಟೆಯಲ್ಲಿ ಪೂರ್ತಿ ದುಡ್ಡು ಹಾಕಿ, ಇಲ್ಲದಿದ್ದರೆ ವಿಮಾನ ಬೇರೆಯವರಿಗೆ ಹೋಗುತ್ತದೆ ಎಂದು ಒತ್ತಾಯ ಬೇರೆ. ವಿಮಾನದ ರಿಜಿಸ್ಟ್ರೇಷನ್ ನಂಬರ್ ಕೇಳಿದೆ. ಮಾತು ತಿರುಗಿಸಿದ. ಮತ್ತೆ ಕೇಳಿದೆ. "ಅದೆಲ್ಲ ಬುಕ್ ಆದ ಮೇಲೆ" ಅಂದ. ನಾನು ಅಲ್ಲಿಗೇ ಬಿಟ್ಟೆ.

ನೀವೂ ಇದನ್ನೇ ಕೇಳಿ. ನಮ್ಮ ದೇಶದ ವಿಮಾನಗಳ ನಂಬರ್ ವಿಟಿ ಅಂತ ಶುರುವಾಗುತ್ತದೆ, ಅದರ ಮುಂದೆ ಮೂರು ಅಕ್ಷರ. ವಿಮಾನ ನಡೆಸುವ ಸಂಸ್ಥೆಯ ಹೆಸರು, ಪರ್ಮಿಟ್ ಪ್ರತಿ ಕೇಳಿ. ನಾನ್ ಷೆಡ್ಯೂಲ್ಡ್ ಪರ್ಮಿಟ್ ಇರುವವರ ಪಟ್ಟಿಯನ್ನು ವಿಮಾನಯಾನ ನೋಡಿಕೊಳ್ಳುವ ಕೇಂದ್ರ ಸರ್ಕಾರದ ಸಂಸ್ಥೆ ಡಿಜಿಸಿಎ ಪ್ರಕಟಿಸುತ್ತದೆ, ಅದರೊಂದಿಗೆ ತಾಳೆ ನೋಡಿ. ಸರಿಯಾದವರು ಐದು ನಿಮಿಷದಲ್ಲಿ ಕಳಿಸುತ್ತಾರೆ. ಕೊನೆಗೆ ನಾವು ಒಪ್ಪಿಕೊಂಡವರು ಕೇಳುವ ಮುಂಚೆಯೇ ಕಳಿಸಿದ್ದರು. ವಿಮಾನ ಕಿಂಗ್ ಏರ್ ಬಿ200, ಎರಡು ಎಂಜಿನ್‌ನ ಟರ್ಬೊಪ್ರಾಪ್. ಒಂದು ಸ್ಟ್ರೆಚರ್, ಒಬ್ಬ ಡಾಕ್ಟರ್, ಒಬ್ಬ ಪ್ಯಾರಾಮೆಡಿಕ್, ಮನೆಯವರು ಒಬ್ಬರು, ಹೆಚ್ಚೆಂದರೆ ಇಬ್ಬರು.

ಇನ್ನು ರೇಟು. ಮೈಸೂರು–ಚೆನ್ನೈ ಹಾರಾಟ ಒಂದು ಗಂಟೆ ಚಿಲ್ಲರೆ. ಆದರೆ ಲೆಕ್ಕ ಒಂದು ಗಂಟೆಯದಲ್ಲ. ವಿಮಾನ ಬೆಂಗಳೂರಿನಿಂದ ಖಾಲಿ ಬರಬೇಕು, ನಮ್ಮನ್ನು ಚೆನ್ನೈಗೆ ಬಿಟ್ಟು ಖಾಲಿ ವಾಪಸ್ ಹೋಗಬೇಕು. ಆ ಖಾಲಿ ಹಾರಾಟವೂ ನಮ್ಮದೇ ಖರ್ಚು. ಅದರ ಮೇಲೆ ಲ್ಯಾಂಡಿಂಗ್, ಪಾರ್ಕಿಂಗ್, ನಿಲ್ದಾಣದಲ್ಲಿ ನೋಡಿಕೊಳ್ಳುವ ಏಜೆನ್ಸಿಯ ಚಾರ್ಜು, ವೈದ್ಯಕೀಯ ತಂಡದ ಚಾರ್ಜು, ತಡವಾದರೆ ಕಾಯುವ ಚಾರ್ಜು, ರಾತ್ರಿ ಉಳಿಯಬೇಕಾದರೆ ಪೈಲಟ್‌ಗಳ ಹೋಟೆಲ್. ಕೆಲವರು ಇದನ್ನೆಲ್ಲ ಸೇರಿಸಿ ಹೇಳುತ್ತಾರೆ, ಕೆಲವರು ಹಾರಾಟದ್ದಷ್ಟೇ ಹೇಳಿ ಆಮೇಲೆ ಒಂದೊಂದೇ ಸೇರಿಸುತ್ತಾರೆ. ಜಿಎಸ್‌ಟಿ ಸೇರಿದೆಯೇ ಎಂದೂ ಕೇಳಿ ಬರೆಸಿಕೊಳ್ಳಿ. ಹೀಗೆ ಬಿಡಿಸಿ ನೋಡಿದಾಗ 5 ಲಕ್ಷ ಅಂದವರದು ಆರು ದಾಟಿತು, ಐದೂವರೆ ಅಂದವರದು ಐದೂವರೆಯಲ್ಲೇ ನಿಂತಿತು. ವಿಮಾನ ಯಾವ ಊರಲ್ಲಿ ನಿಂತಿದೆ ಅನ್ನುವುದೂ ಮುಖ್ಯ. ದೆಹಲಿಯಿಂದ ಬರಬೇಕಾದ ವಿಮಾನದ ರೇಟು ಕೇಳಿ ಗಾಬರಿಯಾದರೆ, ಹತ್ತಿರದ ಊರಿನಲ್ಲಿರುವ ವಿಮಾನ ಹುಡುಕಿ.

ಇನ್ನೊಂದು ದೊಡ್ಡ ವ್ಯತ್ಯಾಸ. ಕೆಲವರದು ವಿಮಾನ ನಿಲ್ದಾಣದಿಂದ ವಿಮಾನ ನಿಲ್ದಾಣಕ್ಕೆ ಮಾತ್ರ. ಕೆಲವರದು ಬೆಡ್ ಟು ಬೆಡ್: ಅವರ ಡಾಕ್ಟರ್ ಇಲ್ಲಿನ ಐಸಿಯುಗೇ ಬಂದು ರೋಗಿಯನ್ನು ಒಪ್ಪಿಸಿಕೊಂಡು, ಅಲ್ಲಿನ ಐಸಿಯು ಹಾಸಿಗೆಗೆ ಒಪ್ಪಿಸುತ್ತಾರೆ, ಎರಡೂ ಕಡೆ ಆಂಬುಲೆನ್ಸ್ ಅವರದೇ. ಸ್ವಲ್ಪ ಜಾಸ್ತಿ ಕೊಟ್ಟಾದರೂ ಬೆಡ್ ಟು ಬೆಡ್ ತೆಗೆದುಕೊಳ್ಳಿ. ಯಾಕೆ ಅಂತ ಮುಂದೆ ಗೊತ್ತಾಗುತ್ತದೆ.

ದುಡ್ಡು ಕಟ್ಟುವ ದಿನ ಭಾನುವಾರ. ಪೂರ್ತಿ ಮೊತ್ತ ಮುಂಚೆಯೇ ಬರಬೇಕು, ಬಂದ ಮೇಲೆಯೇ ವಿಮಾನ ಖಾತ್ರಿ. ಭಾವನ ಅಣ್ಣ ಊರಿನಿಂದ ನಗದು ಹಿಡಿದುಕೊಂಡು ಬಂದಿದ್ದರು, ಬೆಲ್ಲದ ಮಂಡಿಯಿಂದ ತಂದಿದ್ದು, ಬಂಧುಗಳು ಕೂಡಿಸಿಕೊಟ್ಟಿದ್ದು. ಆದರೆ 2 ಲಕ್ಷ ಅಥವಾ ಅದಕ್ಕಿಂತ ಜಾಸ್ತಿ ನಗದನ್ನು ಯಾರೂ ಪಡೆಯುವಂತಿಲ್ಲ, ಆದಾಯ ತೆರಿಗೆ ಕಾನೂನು ಹಾಗಿದೆ. ಕಂಪನಿ ಬೇಡವೆಂದಿತು. ದೊಡ್ಡ ಮೊತ್ತವನ್ನು ಬ್ಯಾಂಕಿನಿಂದ ಬ್ಯಾಂಕಿಗೆ ಕಳಿಸುವ ಆರ್‌ಟಿಜಿಎಸ್ 2020ರ ಡಿಸೆಂಬರ್‌ನಿಂದ ದಿನದ 24 ಗಂಟೆಯೂ ಇದೆ, ಭಾನುವಾರವೂ ನಡೆಯುತ್ತದೆ. ಆದರೆ ಹೊಸದಾಗಿ ಸೇರಿಸಿದ ಖಾತೆಗೆ ಮೊದಲ ದಿನ ದೊಡ್ಡ ಮೊತ್ತ ಕಳಿಸಲು ನನ್ನ ಬ್ಯಾಂಕಿನ ಆ್ಯಪ್ ಬಿಡಲಿಲ್ಲ. ಆಸ್ಪತ್ರೆಯ ಮೆಟ್ಟಿಲ ಮೇಲೆ ಕೂತು ಮೂರ್ನಾಲ್ಕು ಜನರ ಖಾತೆಗಳಿಂದ ತುಂಡು ತುಂಡಾಗಿ ಕಳಿಸಿದೆವು. ದೊಡ್ಡ ಪಾಲು ಹೋಗಿದ್ದು ಮಂಡಿಯ ಪರಿಚಯದವರೊಬ್ಬರ ಕರೆಂಟ್ ಅಕೌಂಟಿನಿಂದ. ರಾತ್ರಿ ಎಂಟರ ಹೊತ್ತಿಗೆ ರಸೀದಿ ಬಂತು. ವಿಮಾನದ ಮಾತು ಶುರುವಾದ ದಿನವೇ, ಖಚಿತವಾಗದಿದ್ದರೂ ಪರವಾಗಿಲ್ಲ, ಅವರ ಖಾತೆಯನ್ನು ನಿಮ್ಮ ಬ್ಯಾಂಕಿನಲ್ಲಿ ಸೇರಿಸಿಟ್ಟುಬಿಡಿ. ಚಾರ್ಟರ್ ರದ್ದಾದರೆ ಎಷ್ಟು ವಾಪಸ್, ಹವಾಮಾನದಿಂದ ತಡವಾದರೆ ಏನು ಅನ್ನುವುದನ್ನು ದುಡ್ಡು ಕಳಿಸುವ ಮುಂಚೆ ಮೇಲ್‌ನಲ್ಲಿ ತರಿಸಿಕೊಳ್ಳಿ.

ಕಾಗದಗಳ ವಿಷಯಕ್ಕೆ ಬರುತ್ತೇನೆ. ಮೈಸೂರಿನ ಆಸ್ಪತ್ರೆಯಿಂದ ರೋಗಿಯ ಸಾರಾಂಶ, ಇತ್ತೀಚಿನ ರಕ್ತದ ವರದಿ, ಎಕ್ಸ್‌ರೇ, ಪ್ರಯಾಣ ಮಾಡಬಹುದು ಎಂಬ ಡಾಕ್ಟರ್ ಪತ್ರ. ಚೆನ್ನೈ ಆಸ್ಪತ್ರೆಯಿಂದ ಹಾಸಿಗೆ ಇದೆ, ಸೇರಿಸಿಕೊಳ್ಳುತ್ತೇವೆ ಎಂಬ ಪತ್ರ. ಭಾವನದು, ಜೊತೆಗೆ ಹೋಗುವವರದು ಆಧಾರ್. ನಮ್ಮ ಒಪ್ಪಿಗೆಯ ಸಹಿ. ಪ್ರತಿಯೊಬ್ಬರ ತೂಕವನ್ನೂ ಕೇಳಿದರು, ಚಿಕ್ಕ ವಿಮಾನ ಅಲ್ವಾ, ಭಾರದ ಲೆಕ್ಕ ಅದಕ್ಕೆ ಬೇಕು. ಎಲ್ಲಕ್ಕಿಂತ ಹೆಚ್ಚು ಕಾಯಿಸಿದ್ದು ಚೆನ್ನೈನ ಪತ್ರ. ಡಾಕ್ಟರ್ ಫೋನ್‌ನಲ್ಲಿ ಹೂಂ ಅಂದಿದ್ದರೂ ಪತ್ರ ಬರಬೇಕಾದದ್ದು ಅಡ್ಮಿಷನ್ ಕೌಂಟರಿನಿಂದ, ಅವರಿಗೆ ಅಡ್ವಾನ್ಸ್ ಕಟ್ಟಿದ ಮೇಲೆ. ಅಲ್ಲಿರುವ ನಮ್ಮೂರ ಹುಡುಗನೊಬ್ಬ ಕೆಲಸ ಬಿಟ್ಟು ಹೋಗಿ ಕಟ್ಟಿ, ಪತ್ರದ ಫೋಟೊ ಕಳಿಸಿದ. ಬಿಲ್ ಪೂರ್ತಿ ತೀರಿಸದೆ ಮೈಸೂರಿನಲ್ಲೂ ಡಿಸ್ಚಾರ್ಜ್ ಆಗುವುದಿಲ್ಲ. ಅದನ್ನು ಹಿಂದಿನ ರಾತ್ರಿಯೇ ಮುಗಿಸಿ.

ವಿಮಾನದ ಡಾಕ್ಟರ್ ಹಿಂದಿನ ದಿನವೇ ನಮ್ಮ ಐಸಿಯು ಡಾಕ್ಟರ್ ಜೊತೆ ಮಾತಾಡಿದ್ದರು. ವಿಮಾನದಲ್ಲಿ ಹೈಫ್ಲೋ ಸಾಧ್ಯವಿಲ್ಲ, ಆಕ್ಸಿಜನ್ ಬೇಗ ಮುಗಿಯುತ್ತದೆ. ಹಾಗಾಗಿ ಬಿಗಿಯಾದ ಮಾಸ್ಕಿನ ಮೂಲಕ ಒತ್ತಡದಿಂದ ಗಾಳಿ ಕೊಡುವ ಬೈಪ್ಯಾಪ್ ಯಂತ್ರಕ್ಕೆ ಬದಲಾಯಿಸಿ ಒಂದು ರಾತ್ರಿ ನೋಡಿ ಅಂದರು. ಭಾವನಿಗೆ ಆ ಮಾಸ್ಕ್ ಕಂಡರೆ ಆಗುತ್ತಿರಲಿಲ್ಲ. ಅಕ್ಕ ಇಡೀ ರಾತ್ರಿ ಕೈ ಹಿಡಿದುಕೊಂಡು ಕೂತಿದ್ದಳು. ಬೆಳಗಿನ ಜಾವಕ್ಕೆ ಒಗ್ಗಿತು.

ಬೆಳಿಗ್ಗೆ ವಿಮಾನ ಮಂಡಕಳ್ಳಿಗೆ, ಅಂದರೆ ಮೈಸೂರು ವಿಮಾನ ನಿಲ್ದಾಣಕ್ಕೆ ಬಂದಿಳಿಯಿತು ಎಂದು ಸುದ್ದಿ ಬಂತು. ಅವರ ಡಾಕ್ಟರ್, ಪ್ಯಾರಾಮೆಡಿಕ್ ಆಸ್ಪತ್ರೆಗೆ ಬಂದರು. ನಾವು ಹೊರಟೆವು ಅಂತಲೇ ಬ್ಯಾಗ್ ಹಿಡಿದು ನಿಂತಿದ್ದೆವು. ಡಾಕ್ಟರ್ ಎದೆಗೆ ಸ್ಟೆತಸ್ಕೋಪ್ ಇಟ್ಟು ಸ್ವಲ್ಪ ಹೊತ್ತು ಸುಮ್ಮನಿದ್ದರು. "ಇನ್ನೊಂದು ಎಕ್ಸ್‌ರೇ ಬೇಕು" ಅಂದರು. ಎಕ್ಸ್‌ರೇ ಬಂತು. ಬಲ ಶ್ವಾಸಕೋಶದ ಸುತ್ತ ಸ್ವಲ್ಪ ಗಾಳಿ ಸೋರಿ ನಿಂತಿತ್ತು.

ಅವರು ಅಕ್ಕನಿಗೆ ಅರ್ಥವಾಗುವ ಹಾಗೆ ಹೇಳಿದರು. ಮೇಲೆ ಹೋದಂತೆ ವಿಮಾನದೊಳಗಿನ ಗಾಳಿಯ ಒತ್ತಡ ಇಳಿಯುತ್ತದೆ. ಪ್ರಯಾಣಿಕರ ವಿಮಾನಗಳಲ್ಲಿ ಒಳಗಿನ ಒತ್ತಡ 6,000ದಿಂದ 8,000 ಅಡಿ ಎತ್ತರದ ಬೆಟ್ಟದ ಮೇಲಿದ್ದಷ್ಟು. 8,000 ಅಡಿಯಲ್ಲಿ ದೇಹದೊಳಗೆ ಸಿಕ್ಕಿಕೊಂಡ ಗಾಳಿ ಮೂರನೇ ಒಂದು ಭಾಗದಷ್ಟು ಹಿಗ್ಗುತ್ತದೆ. ಆಸ್ಪತ್ರೆಯಲ್ಲಿ ಸಣ್ಣದಾಗಿ ಕಂಡದ್ದು ಆಕಾಶದಲ್ಲಿ ಶ್ವಾಸಕೋಶವನ್ನೇ ಒತ್ತಿಬಿಡಬಹುದು. ಮಾಸ್ಕಿನ ಒತ್ತಡವೂ ಅದನ್ನು ಹೆಚ್ಚಿಸುತ್ತದೆ. ಪಕ್ಕೆಗೆ ಕೊಳವೆ ಹಾಕಿ ಗಾಳಿ ಹೊರಗೆ ಬಿಡದೆ ನಾನು ಹಾರುವುದಿಲ್ಲ ಎಂದು ಖಡಾಖಂಡಿತವಾಗಿ ಹೇಳಿದರು. ನಿಲ್ದಾಣದಿಂದ ನಿಲ್ದಾಣಕ್ಕೆ ಮಾತ್ರದ ಒಪ್ಪಂದ ಮಾಡಿಕೊಂಡಿದ್ದರೆ ಈ ಡಾಕ್ಟರ್ ಐಸಿಯುಗೆ ಬರುತ್ತಲೇ ಇರಲಿಲ್ಲ, ಎಕ್ಸ್‌ರೇ ತೆಗೆಸುತ್ತಲೇ ಇರಲಿಲ್ಲ. ಅದನ್ನು ನೆನೆದರೆ ಈಗಲೂ ಕೈಕಾಲು ತಣ್ಣಗಾಗುತ್ತವೆ.

ಕೊಳವೆ ಹಾಕಿದರು. ಕೊಳವೆಯ ತುದಿಗೆ ಮಾಮೂಲಿಯಾಗಿ ಜೋಡಿಸುವ ನೀರಿನ ಬಾಟಲಿಯ ಬದಲು, ಗಾಳಿಯನ್ನು ಒಂದೇ ದಿಕ್ಕಿಗೆ ಬಿಡುವ ವಾಲ್ವ್ ಇರುವ ಚೀಲ ಜೋಡಿಸಿದರು, ಸಾಗಿಸುವಾಗ ಅದೇ ಸುರಕ್ಷಿತವಂತೆ. ಮತ್ತೆ ಎಕ್ಸ್‌ರೇ. ಮತ್ತೆ ಕಾಯುವುದು. ಅತ್ತ ಗಡಿಯಾರ ಓಡುತ್ತಿತ್ತು. ಪೈಲಟ್‌ಗಳು ದಿನಕ್ಕೆ ಇಂತಿಷ್ಟೇ ಗಂಟೆ ಡ್ಯೂಟಿ ಮಾಡಬೇಕು ಎಂಬ ನಿಯಮವಿದೆ. ಮೈಸೂರು ವಿಮಾನ ನಿಲ್ದಾಣವೂ 24 ಗಂಟೆ ತೆರೆದಿರುವುದಿಲ್ಲ, ಸಮಯ ಮೀರಿದರೆ ವಿಸ್ತರಣೆ ಕೇಳಿ ಶುಲ್ಕ ಕಟ್ಟಬೇಕು. ಕಂಪನಿಯ ಮ್ಯಾನೇಜರ್ ಪ್ರತಿ ಅರ್ಧ ಗಂಟೆಗೆ ಫೋನ್ ಮಾಡುತ್ತಿದ್ದರು, ಆದರೆ ಒಮ್ಮೆಯೂ ಬೇಗ ಮಾಡಿ ಅನ್ನಲಿಲ್ಲ. ಮಧ್ಯಾಹ್ನ ಮೂರರ ಸುಮಾರಿಗೆ ಡಾಕ್ಟರ್ ಹೊರಡೋಣ ಅಂದರು. ಸದ್ಯ, ವಿಸ್ತರಣೆ ಬೇಕಾಗಲಿಲ್ಲ. ಕಾಯುವ ಚಾರ್ಜು ಮಾತ್ರ ಬಿತ್ತು. ನಿಮ್ಮ ಹಾರಾಟ ಆದಷ್ಟು ಬೆಳಿಗ್ಗೆಯೇ ಇರಲಿ ಎಂದು ಹೇಳುವುದು ಇದಕ್ಕೇ.

ನಂಜನಗೂಡು ರಸ್ತೆಯಲ್ಲಿ ಮಂಡಕಳ್ಳಿಗೆ ಹೆಚ್ಚು ಹೊತ್ತು ಹಿಡಿಯಲಿಲ್ಲ. ಆಂಬುಲೆನ್ಸಿನ ನಂಬರ್, ಡ್ರೈವರ್ ವಿವರ ಮೊದಲೇ ಕೊಟ್ಟಿದ್ದರಿಂದ ಗೇಟಿನಲ್ಲಿ ತಪಾಸಣೆ ಮಾಡಿ ವಿಮಾನದ ಹತ್ತಿರಕ್ಕೇ ಬಿಟ್ಟರು. ಅಕ್ಕನ ಬ್ಯಾಗ್ ಬೇರೆ ತಪಾಸಣೆಗೆ ಹೋಯಿತು. ನಾವು ಮನೆಯಿಂದ ತಂದಿದ್ದ ಚಿಕ್ಕ ಆಕ್ಸಿಜನ್ ಸಿಲಿಂಡರ್ ಬಿಡಲಿಲ್ಲ, ವಿಮಾನದಲ್ಲಿ ಅವರದೇ ವ್ಯವಸ್ಥೆ ಇರುತ್ತದೆ. ಒಂದು ಚಿಕ್ಕ ಕೈಚೀಲಕ್ಕಿಂತ ಹೆಚ್ಚು ಸಾಮಾನು ಒಯ್ಯಬೇಡಿ, ಒಳಗೆ ಜಾಗವೇ ಇಲ್ಲ. ಹೋಗುವವರು ಮೊದಲೇ ಶೌಚಕ್ಕೆ ಹೋಗಿಬನ್ನಿ.

ನಮ್ಮ ನಿಲ್ದಾಣದ ರನ್‌ವೇ 1,740 ಮೀಟರ್ ಮಾತ್ರ. ಹೆದ್ದಾರಿ, ರೈಲು ಹಳಿ ಅಡ್ಡ ಇರುವುದರಿಂದ ಅದನ್ನು ಉದ್ದ ಮಾಡುವ ಮಾತು ವರ್ಷಗಳಿಂದ ನಡೆಯುತ್ತಲೇ ಇದೆ. ದೊಡ್ಡ ಜೆಟ್ ಇಲ್ಲಿ ಇಳಿಯುವುದಿಲ್ಲ ಎಂದು ನಾವೆಲ್ಲ ಬೇಸರ ಪಡುತ್ತೇವೆ. ಆದರೆ ಕಿಂಗ್ ಏರ್‌ಗೆ ಆ ಉದ್ದ ಸಾಕಾಯಿತು. ಈ ನಿಲ್ದಾಣ ಇಲ್ಲದಿದ್ದರೆ ಭಾವನನ್ನು ಬೆಂಗಳೂರಿನ ಆ ತುದಿಯ ದೇವನಹಳ್ಳಿವರೆಗೆ ರಸ್ತೆಯಲ್ಲೇ ಒಯ್ಯಬೇಕಿತ್ತು. ಮೈಸೂರು, ಮಂಡ್ಯ, ಚಾಮರಾಜನಗರದ ಜನಕ್ಕೆ ಇದು ಎಷ್ಟು ದೊಡ್ಡ ಆಸರೆ ಎಂದು ನನಗೆ ಅವತ್ತು ಗೊತ್ತಾಯಿತು.

ವಿಮಾನದ ಬಾಗಿಲು ಕಿರಿದು. ನಾಲ್ಕು ಜನ ಹಿಡಿದು, ಓರೆ ಮಾಡಿ, ಕೊಳವೆ ಎಳೆಯದಂತೆ ಸ್ಟ್ರೆಚರ್ ಒಳಗೆ ಜಾರಿಸಿದರು. ಇಬ್ಬರಿಗೆ ಜಾಗವಿದ್ದದ್ದರಿಂದ ಅಕ್ಕನ ಜೊತೆ ನಾನೂ ಹತ್ತಿದೆ. ಡಾಕ್ಟರ್ ಕೇಳಿಕೊಂಡಂತೆ ಪೈಲಟ್ ಕಡಿಮೆ ಎತ್ತರದಲ್ಲಿ ಹಾರಿಸಿದರು, ಹಾಗೆ ಹಾರಿದರೆ ಒಳಗಿನ ಒತ್ತಡ ನೆಲದ ಹತ್ತಿರಕ್ಕೇ ಇಡಬಹುದು. ಮೈಸೂರೇ ಸಮುದ್ರಮಟ್ಟದಿಂದ ಸುಮಾರು 2,400 ಅಡಿ ಮೇಲಿದೆ, ಆ ಒತ್ತಡಕ್ಕೆ ಭಾವನ ದೇಹ ಒಗ್ಗಿದೆ ಎಂದು ಡಾಕ್ಟರ್ ಧೈರ್ಯ ಹೇಳಿದರು. ಕೆಳಗೆ ಹಾರಿದರೆ ಇಂಧನ ಜಾಸ್ತಿ, ಕುಲುಕಾಟವೂ ಜಾಸ್ತಿ. ಅಕ್ಕ ಕಣ್ಣು ಮುಚ್ಚಿ ಮಾದೇಶ್ವರನನ್ನು ನೆನೆಯುತ್ತಿದ್ದಳು. ನಾನು ಮಾನಿಟರ್‌ನಲ್ಲಿ ಆಕ್ಸಿಜನ್ ಅಂಕಿಯ ಮೇಲಿಂದ ಕಣ್ಣು ತೆಗೆಯಲಿಲ್ಲ. ಒಮ್ಮೆ 86ಕ್ಕೆ ಇಳಿಯಿತು. ಪ್ಯಾರಾಮೆಡಿಕ್ ಮಾಸ್ಕ್ ಸರಿಮಾಡಿದ, ಡಾಕ್ಟರ್ ಯಂತ್ರದಲ್ಲಿ ಏನೋ ತಿರುವಿದರು, ಮತ್ತೆ 93ಕ್ಕೆ ಬಂತು.

ಚೆನ್ನೈನಲ್ಲಿ ಇಳಿದಾಗ ಆಂಬುಲೆನ್ಸ್ ಕಾಯುತ್ತಿತ್ತು. ಸಂಜೆಯ ಟ್ರಾಫಿಕ್‌ನಲ್ಲಿ ಆಸ್ಪತ್ರೆ ಮುಟ್ಟಲು ವಿಮಾನದಲ್ಲಿ ಕಳೆದಷ್ಟೇ ಹೊತ್ತು ಹಿಡಿಯಿತು. ಐಸಿಯುನಲ್ಲಿ ವಿಮಾನದ ಡಾಕ್ಟರ್ ಅಲ್ಲಿನ ಡಾಕ್ಟರಿಗೆ ಇಂಗ್ಲಿಷಿನಲ್ಲಿ ಎಲ್ಲ ಒಪ್ಪಿಸಿದರು, ಯಾವ ಹೊತ್ತಿಗೆ ಯಾವ ಔಷಧಿ, ಎಷ್ಟು ಒತ್ತಡ, ಕೊಳವೆ ಯಾವಾಗ ಹಾಕಿದ್ದು. ಒಪ್ಪಿಸಿದ ಕಾಗದಕ್ಕೆ ಎರಡೂ ಕಡೆಯವರ ಸಹಿ. ಅದರ ಒಂದು ಪ್ರತಿ ಇಸಿದುಕೊಳ್ಳಿ. ಭಾವನ ಅಣ್ಣ ಮತ್ತು ಮಕ್ಕಳು ಮರುದಿನ ವಂದೇ ಭಾರತ್ ರೈಲಿನಲ್ಲಿ ಬಂದು ಸೇರಿಕೊಂಡರು.

ವಿಮೆಯ ಬಗ್ಗೆ ಒಂದು ಮಾತು. ಎಷ್ಟೋ ಆರೋಗ್ಯ ಪಾಲಿಸಿಗಳಲ್ಲಿ ಏರ್ ಆಂಬುಲೆನ್ಸಿಗೆ ಇಂತಿಷ್ಟು ಎಂದು ಮಿತಿ ಇರುತ್ತದೆ. ಹೊರಡುವ ಮುಂಚೆಯೇ ಅವರಿಗೆ ತಿಳಿಸಿ ಮೇಲ್ ಮಾಡಿ. ಈ ಊರಿನಲ್ಲಿ ಆ ಚಿಕಿತ್ಸೆ ಯಾಕೆ ಸಾಲದು, ರಸ್ತೆಯಲ್ಲಿ ಯಾಕೆ ಒಯ್ಯಲಾಗದು ಎಂದು ಡಾಕ್ಟರಿಂದ ಸ್ಪಷ್ಟವಾಗಿ ಬರೆಸಿಕೊಳ್ಳಿ, ಸುಮ್ನೆ "ವಿಮಾನದಲ್ಲಿ ಒಯ್ಯಲಾಗಿದೆ" ಅಂದರೆ ಸಾಲದು. ವಿಮಾನದ ಅಂತಿಮ ಬಿಲ್, ಪಾವತಿ ರಸೀದಿ, ಪರ್ಮಿಟ್ ಪ್ರತಿ, ಎರಡೂ ಆಸ್ಪತ್ರೆಯ ಪತ್ರ, ಒಪ್ಪಿಸಿದ ಕಾಗದ ಇಷ್ಟನ್ನು ಭಾವನ ಮಗಳು ಒಂದು ಫೈಲ್ ಮಾಡಿ ಕಳಿಸಿದ್ದಾಳೆ. ತುಂಡು ತುಂಡಾಗಿ ದುಡ್ಡು ಕಳಿಸಿದ್ದರಿಂದ ಯಾರ ಖಾತೆಯಿಂದ ಎಷ್ಟು ಹೋಯಿತು ಎಂದು ಬ್ಯಾಂಕ್ ಹಾಳೆಗಳನ್ನೂ ಕೇಳಿದ್ದಾರೆ. ವಿಮೆಯ ದುಡ್ಡು ಸಿಕ್ಕ ಮೇಲೆ ಮೊದಲು ತೀರಿಸಬೇಕಾದ್ದು ಮಂಡಿಯವರದು.

ಭಾವನ ಕೊಳವೆ ತೆಗೆದಿದ್ದಾರೆ. ಸೋಂಕು ಇಳಿಯುತ್ತಿದೆ, ಮತ್ತೆ ಹೈಫ್ಲೋಗೆ ಬಂದಿದ್ದಾರೆ. ಕಸಿಯ ಸರದಿಯಲ್ಲಿ ಹೆಸರು ಇದೆ, ಕಾಯುತ್ತಿದ್ದೇವೆ. ಅಕ್ಕ ಅಲ್ಲೇ ಆಸ್ಪತ್ರೆಯ ಹತ್ತಿರ ಒಂದು ರೂಮು ಮಾಡಿಕೊಂಡಿದ್ದಾಳೆ. ಆಲೆಮನೆಯನ್ನು ಸದ್ಯಕ್ಕೆ ಭಾವನ ಅಣ್ಣ ನೋಡಿಕೊಳ್ಳುತ್ತಿದ್ದಾರೆ.